ಹುಲ್ಲಿಗೆ ಅಲಸಂದೆಯ ಜೊತೆ

ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲುಸೀಮೆಯಲ್ಲಿ ಅಮೃತಮಹಲ್ ಕಾವಲುಗಳ ಹೆಸರನ್ನು ಕೇಳದವರು ವಿರಳ. ಮೈಸೂರು ಅರಸರ ದಂಡಿನ ಸಾಮಗ್ರಿಗಳನ್ನೆಳೆದ ಆ ದನಗಳ ತಳಿಯನ್ನು ಅಜ್ಜಂಪುರದ ಸಂವರ್ಧನ ಕೇಂದ್ರದಲ್ಲಿ ಇಂದಿಗೂ ಕಾಪಾಡಲಾಗುತ್ತಿದೆ. ಮಳೆಗಾಲದಲ್ಲಿ ಹಸಿರಾಗಿರುವ ಕಾವಲು ಮಾಘ ಫಾಲ್ಗುಣಗಳಲ್ಲಿ ಒಣಗಿ ನಿಲ್ಲುತ್ತದೆ. ಆಗ ಹೊಟ್ಟೆ ತುಂಬ ಮೇದ ಹಸುವೂ ಬಡಕಲಾಗುವುದನ್ನು ನಾವು ಕಾಣುತ್ತೇವೆ. ಇದಕ್ಕೆ ಕಾರಣವೇನು?

ಹುಲ್ಲಿನ ನಾರನ್ನು ದನವು ತಾನೇ ಅರಗಿಸಿಕೊಳ್ಳಲಾರದು. ಅದರ ಮೊದಲನೆಯ ಹೊಟ್ಟೆಯಲ್ಲಿ ನೆಲಸಿರುವ ಅಸಂಖ್ಯ ಸೂಕ್ಷ್ಮಜೀವಿಗಳು ಆ ಕೆಲಸವನ್ನು ಮಾಡುತ್ತವೆ. ಅವು ಬೆಳೆಯಲು ಸಾರಜನಕ ಬೇಕು. ಮೇವಿನ ಒಣತೂಕದಲ್ಲಿ ಪ್ರೋಟೀನು ಸುಮಾರು ಶೇಕಡ 7ಕ್ಕಿಂತ ಕಡಮೆಯಾದರೆ ಅವುಗಳ ಕೆಲಸ ಕುಂದುತ್ತದೆ. ಮೇವು ಹೊಟ್ಟೆಯಲ್ಲಿಯೇ ತಡೆದು ನಿಲ್ಲುತ್ತದೆ. ಒಣಗಿದ ಹುಲ್ಲು ಎಷ್ಟೋ ವೇಳೆ ಈ ಮಿತಿಯನ್ನು ಮುಟ್ಟುವುದಿಲ್ಲ. ಅಲಸಂದೆಯ ಮೇವಿನಲ್ಲಾದರೋ ಪ್ರೋಟೀನು ಸುಮಾರು ಶೇಕಡ 15ರಿಂದ 20ರಷ್ಟಿರುತ್ತದೆ.

ಅಲಸಂದೆಗೆ ಈ ಐಶ್ವರ್ಯ ಎಲ್ಲಿಂದ ಬಂದಿತು? ವಾಯುವಿನಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಗಿಡಗಳು ಅದನ್ನು ನೇರವಾಗಿ ಬಳಸಲಾರವು. ದ್ವಿದಳ ಸಸ್ಯಗಳು ಬೇರಿನ ಗಂಟುಗಳಲ್ಲಿರುವ ಜೀವಿಗಳ ನೆರವಿನಿಂದ ಅದನ್ನು ಪಡೆಯುತ್ತವೆಂದು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ತೋರಿಸಿಕೊಟ್ಟರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಜೀವಿಗಳನ್ನು ಬೇರ್ಪಡಿಸಿದನು. ಹೂ ಬಿಡುವ ಅಲಸಂದೆಯ ಗಿಡವೊಂದನ್ನು ಮಣ್ಣುಸಹಿತ ಅಗೆದು, ಬೇರಿನ ಗಂಟನ್ನು ಸೀಳಿ ನೋಡಿರಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಗಂಟು ಕೆಲಸ ಮಾಡುತ್ತಿದೆಯೆಂದು ತಿಳಿಯಬಹುದು.

ಇನ್ನು ಬೇಸಾಯದ ಮಾತು. ಮೂರು ಸಾಲು ಮೇವಿನ ಜೋಳಕ್ಕೆ ಒಂದು ಸಾಲು ಅಲಸಂದೆಯನ್ನು ಬಿತ್ತಬಹುದು. ಜೋಳವು ಮಣ್ಣಿನ ಸಾರಜನಕವನ್ನೂ ಅಲಸಂದೆಯು ಬಹುಮಟ್ಟಿಗೆ ವಾಯುವಿನದನ್ನೂ ಬಳಸುವುದರಿಂದ ಅವುಗಳ ಪೈಪೋಟಿ ತಗ್ಗುತ್ತದೆ. ಅಲಸಂದೆಯ ಬೇರು ಕೊಳೆತ ಮೇಲೆ ಮುಂದಿನ ಬೆಳೆಗೂ ಒಂದಿಷ್ಟು ಗೊಬ್ಬರ ದೊರೆಯುತ್ತದೆ. ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಹಾಕಿದ ನಮ್ಮ ಹಿರಿಯರಿಗೆ ಈ ಜೊತೆಯ ಗುಣ ಅನುಭವದಿಂದಲೇ ತಿಳಿದಿತ್ತು.

ಎರಡು ಎಚ್ಚರಿಕೆಗಳು ಅವಶ್ಯ. ಎಳೆಯ ಜೋಳದಲ್ಲಿ, ವಿಶೇಷವಾಗಿ ಮಳೆಯಿಲ್ಲದೆ ಬಾಡಿದಾಗ, ವಿಷವಿರುತ್ತದೆ. ಆದುದರಿಂದ ಹೂ ಬಂದ ಬಳಿಕವೇ ಕೊಯ್ಯಬೇಕು. ಎಳೆಯ ದ್ವಿದಳ ಮೇವನ್ನೇ ಹೆಚ್ಚಾಗಿ ತಿನ್ನಿಸಿದರೆ ದನದ ಹೊಟ್ಟೆ ಉಬ್ಬರಿಸುವ ಭಯವಿದೆ. ಹುಲ್ಲಿನೊಡನೆ ಬೆರೆಸಿ ಕೊಡುವುದು ಕ್ಷೇಮ.

ಹಾಗೆಂದು ಕಾವಲನ್ನು ಉಳಬೇಕೆಂದು ನಾವು ಹೇಳುತ್ತಿಲ್ಲ. ಕಡೂರಿನ ಬಾಸೂರು ಕಾವಲು ಕೃಷ್ಣಮೃಗಗಳಿಗೂ ಆಶ್ರಯವಾಗಿದೆ. ಹೊಲದಲ್ಲಿ ಒಳ್ಳೆಯ ಮೇವು ಬೆಳೆದಷ್ಟೂ ಕಾವಲಿನ ಹುಲ್ಲಿಗೆ ಬಿಡುವು ಸಿಕ್ಕುತ್ತದೆ. ಹೊಲವೂ ಕಾವಲೂ ಒಂದನ್ನೊಂದು ಕಾಯುವುದೆಂದರೆ ಇದೇ.