9 ಬಂದರೆ ಏನು ಮಾಡ್ತೀರಿ?

ಗೆಳೆಯರು ಪೋಕೆಮಾನ್ ಕಾರ್ಡ್ ತಂದು "ಇದನ್ನ ಗ್ರೇಡಿಂಗ್‌ಗೆ ಕಳಿಸಬಹುದಾ?" ಅಂತ ಕೇಳಿದಾಗಲೆಲ್ಲ ನಾನು ತಿರುಗಿ ಕೇಳುವುದು ಒಂದೇ: "9 ಬಂದರೆ ಏನು ಮಾಡ್ತೀರಿ?" ಹೆಚ್ಚಿನವರು 10ರ ಬೆಲೆ ನೋಡಿಕೊಂಡೇ ಬಂದಿರುತ್ತಾರೆ; 9ರದ್ದು ನೋಡಿರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಗಳ ಜೊತೆ ಕಾರ್ಡ್ ಕೂಡಿಡುತ್ತ ಇಷ್ಟು ವರ್ಷ ಕಲಿತದ್ದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಈ ಹವ್ಯಾಸ ಗೊತ್ತಿಲ್ಲದವರಿಗೆ ಎರಡು ಮಾತು. ಗ್ರೇಡಿಂಗ್ ಕಂಪನಿ ನಿಮ್ಮ ಕಾರ್ಡ್ ಅಸಲಿಯೋ ನಕಲಿಯೋ, ಅಂಚು ಕತ್ತರಿಸಿದ್ದಾರೋ ಇಲ್ಲವೋ ನೋಡುತ್ತದೆ. ಆಮೇಲೆ ಚಿತ್ರ ನಡುವಿಗೆ ಕೂತಿದೆಯೇ, ಮೂಲೆ, ಅಂಚು, ಮೇಲ್ಮೈ ಹೇಗಿವೆ ಎಂದು ಪರೀಕ್ಷಿಸಿ 1ರಿಂದ 10ರವರೆಗೆ ಅಂಕ ಕೊಡುತ್ತದೆ. ಕೊನೆಗೆ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮೊಹರು ಮಾಡಿ ವಾಪಸು ಕಳಿಸುತ್ತದೆ. ಇದಕ್ಕೆ ಸ್ಲ್ಯಾಬ್ ಅನ್ನುತ್ತಾರೆ.

ಈಗ ಲೆಕ್ಕ. ಹಾಗೇ ಮಾರಿದರೆ 40 ಡಾಲರ್, 9 ಬಂದರೆ 60, 10 ಬಂದರೆ 100 ಸಿಗುವ ಕಾರ್ಡ್ ನಿಮ್ಮಲ್ಲಿದೆ ಅಂದುಕೊಳ್ಳಿ. ಈಬೇಯಂಥ ಕಡೆ ಮಾರಿದರೆ ನೂರಕ್ಕೆ ಸುಮಾರು 13 ಕಮಿಷನ್ ಹೋಗುತ್ತದೆ. ಗ್ರೇಡಿಂಗ್ ಶುಲ್ಕ, ಅಂಚೆ, ವಿಮೆ ಸೇರಿ ಕಾರ್ಡೊಂದಕ್ಕೆ 30 ಡಾಲರ್ ಹಿಡಿಯಿರಿ. ಹಾಗೇ ಮಾರಿದರೆ ಕೈಗೆ 35, 9 ಬಂದರೆ 22, 10 ಬಂದರೆ 57. ಅಂದರೆ ಇಂಥ ಐದು ಕಾರ್ಡ್ ಕಳಿಸಿ, ಎರಡಕ್ಕೆ 10, ಮೂರಕ್ಕೆ 9 ಬಂದರೆ ಒಟ್ಟು 180 ಡಾಲರ್. ಏನೂ ಮಾಡದೆ ಮಾರಿದ್ದರೆ 175. ವಾರಗಟ್ಟಲೆ ಕಾದದ್ದಕ್ಕೆ ದಕ್ಕಿದ್ದು ಐದು ಡಾಲರ್! ಒಂದೇ ಒಂದು 8 ಬಂದರೆ ಅದೂ ಇಲ್ಲ. ಈ ಲೆಕ್ಕಕ್ಕೆ ಮಾರುವವರು ಹೇಳುವ ಬೆಲೆ ಬೇಡ, ನಿಜವಾಗಿ ಮಾರಾಟವಾದ ಬೆಲೆ ಬೇಕು.

ಹಾಗಾಗಿ ಕಣ್ಣು ಪಳಗಬೇಕು. ಒಮ್ಮೆ ಮಗಳು ಹೊಸ ಪ್ಯಾಕ್ ಒಡೆದವಳೇ "ಅಪ್ಪ, ಈಗ ತಾನೇ ತೆಗೆದದ್ದು, ಯಾರೂ ಮುಟ್ಟಿಲ್ಲ, 10 ಬರಲೇಬೇಕು" ಅಂದಳು. ಕಾರ್ಡನ್ನು ಮಗುಚಿ ಮೇಜುದೀಪದ ಕೆಳಗೆ ಹಿಡಿದೆ. ಪೋಕೆಮಾನ್ ಕಾರ್ಡಿನ ಬೆನ್ನು ಕಡುನೀಲಿ. ಕೆಳಗಿನ ಎಡಮೂಲೆಯಲ್ಲಿ ಉಪ್ಪಿನ ಹರಳಿನಷ್ಟು ಬಿಳಿ ಕಂಡಿತು. ಓರೆ ಮಾಡಿದಾಗ ಮುಂಭಾಗದ ಹೊಳಪಿನಲ್ಲಿ ಮುದ್ರಣದ್ದೇ ತೆಳ್ಳನೆಯ ಗೆರೆಯೊಂದು ಅಡ್ಡ ಹಾದಿತ್ತು. "ಇದೆಲ್ಲ ಫ್ಯಾಕ್ಟರಿಯಲ್ಲೇ ಆದದ್ದಲ್ವಾ, ನಾವು ಮಾಡಿದ್ದಲ್ಲವಲ್ಲ!" ಅಂದಳು. "ಯಾರು ಮಾಡಿದ್ದು ಅಂತ ಅವರು ಕೇಳಲ್ಲ ಪುಟ್ಟಿ" ಅಂದೆ. ಆ ಕಾರ್ಡ್ ಈಗಲೂ ಅವಳ ಆಲ್ಬಮ್ಮಿನಲ್ಲೇ ಇದೆ.

ಹಳೆಯ ಕಾರ್ಡುಗಳ ಮಾತೇ ಬೇರೆ. 1999ರಲ್ಲಿ ಇಂಗ್ಲಿಷಿನಲ್ಲಿ ಬಂದ ಮೊದಲ ಸರಣಿಯ ಫಸ್ಟ್ ಎಡಿಷನ್ ಚಾರಿಜಾರ್ಡ್‌ಗೆ 5 ಬಂದರೂ ಕಳಿಸಿದ್ದು ಸಾರ್ಥಕ. ಅಲ್ಲಿ ಕೊಳ್ಳುವವನಿಗೆ ಅಂಕಕ್ಕಿಂತ ಮೊದಲು ಬೇಕಾದದ್ದು ಇದು ನಕಲಿಯಲ್ಲ ಎಂಬ ಖಾತ್ರಿ.

ಎಲ್ಲಿಗೆ ಕಳಿಸುವುದು? ನಿಮ್ಮ ಕಾರ್ಡ್ ಕೊಳ್ಳುವವರು ಯಾವ ಸ್ಲ್ಯಾಬ್ ಕೇಳುತ್ತಾರೋ ಅಲ್ಲಿಗೆ. ಪೋಕೆಮಾನ್ ಮಾರುವ ಉದ್ದೇಶವಿದ್ದರೆ ನಾನು 1991ರಲ್ಲಿ ಶುರುವಾದ ಪಿಎಸ್‌ಎ ಕಡೆಗೇ ಹೋಗುತ್ತೇನೆ. ಅದರ 10ಕ್ಕೆ ಗಿರಾಕಿ ಬೇಗ ಸಿಗುತ್ತಾರೆ. ಬೆಕೆಟ್ ನಾಲ್ಕು ಭಾಗಕ್ಕೂ ಬೇರೆ ಬೇರೆ ಅಂಕ ಕೊಡುತ್ತದೆ. ನಾಲ್ಕೂ 10 ಆದರೆ ಸಿಗುವ ಬ್ಲ್ಯಾಕ್ ಲೇಬಲ್‌ಗೆ ಬೆಲೆ ವಿಪರೀತ, ಆದರೆ ಅದನ್ನು ನಂಬಿ ಕಳಿಸುವುದು ಜೂಜು. ಸಿಜಿಸಿ 2020ರಲ್ಲಿ ಕಾರ್ಡಿಗೆ ಕೈಹಾಕಿದ್ದು, ಪೋಕೆಮಾನ್ ಮತ್ತು ಮ್ಯಾಜಿಕ್ ಕಾರ್ಡುಗಳಿಂದಲೇ ಆರಂಭಿಸಿತು. ಹಳೆಯ ಬೇಸ್‌ಬಾಲ್ ಕಾರ್ಡಿನವರಿಗೆ ಎಸ್‌ಜಿಸಿ ಮೇಲೆ ಒಲವು. 1952ರ ಮಿಕಿ ಮ್ಯಾಂಟಲ್ ಕಾರ್ಡ್ 2022ರಲ್ಲಿ 1.26 ಕೋಟಿ ಡಾಲರ್‌ಗೆ ಹರಾಜಾದಾಗ ಇದ್ದದ್ದು ಎಸ್‌ಜಿಸಿಯ 9.5 ಸ್ಲ್ಯಾಬಿನಲ್ಲಿ. ಬೆಂಗಳೂರಿನಿಂದ ಕಳಿಸುವ ನನ್ನ ಅಕ್ಕನ ಮಗನಿಗೆ ಕಂಪನಿಯ ಹೆಸರಿಗಿಂತ ಹೋಗಿಬರುವ ಕೊರಿಯರ್ ಮತ್ತು ಕಸ್ಟಮ್ಸ್ ಖರ್ಚೇ ದೊಡ್ಡದು. ನಾಲ್ಕಾರು ಜನ ಸೇರಿ ಒಂದೇ ಪೆಟ್ಟಿಗೆಯಲ್ಲಿ ಕಳಿಸಿದರೆ ಮಾತ್ರ ಗಿಟ್ಟುತ್ತದೆ ಅನ್ನುತ್ತಾನೆ.

ಕಾಯುವುದಕ್ಕೂ ಬೆಲೆಯಿದೆ. ಕೋವಿಡ್ ಕಾಲದಲ್ಲಿ ಕಾರ್ಡುಗಳ ರಾಶಿ ಬಿದ್ದು 2021ರ ಮಾರ್ಚ್‌ನಲ್ಲಿ ಪಿಎಸ್‌ಎ ಹೆಚ್ಚಿನ ಸೇವೆಗಳನ್ನೇ ನಿಲ್ಲಿಸಿತ್ತು. ಹೊಸ ಸರಣಿಯ ಕಾರ್ಡಿಗಂತೂ ಬಿಡುಗಡೆಯಾದ ಹೊಸದರಲ್ಲೇ ಬೆಲೆ. ಸ್ಲ್ಯಾಬ್ ಕೈಸೇರುವಷ್ಟರಲ್ಲಿ ಅದೇ ಕಾರ್ಡಿನ ಇನ್ನೂ ಸಾವಿರಾರು 10ಗಳು ಮಾರುಕಟ್ಟೆಗೆ ಬಂದಿರುತ್ತವೆ. ಯಾವ ಕಾರ್ಡಿಗೆ ಯಾವ ಅಂಕ ಎಷ್ಟು ಸಲ ಬಂದಿದೆ ಎಂದು ಕಂಪನಿಗಳೇ ಪ್ರಕಟಿಸುವ ಪಾಪ್ಯುಲೇಷನ್ ರಿಪೋರ್ಟ್ ನೋಡಿದರೆ ಇದು ಮೊದಲೇ ತಿಳಿಯುತ್ತದೆ.

ಅಂಕ ಕೊಡುವುದು ಮನುಷ್ಯರೇ ಎಂಬುದೂ ನೆನಪಿರಲಿ. ಪಿಎಸ್‌ಎ ಗ್ರೇಡ್ ಮಾಡಿದ ಮೊಟ್ಟಮೊದಲ ಕಾರ್ಡ್ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ದು. ಅದಕ್ಕೆ 8 ಕೊಟ್ಟಿದ್ದರು. ಅದರ ಅಂಚನ್ನು ತಾನೇ ಕತ್ತರಿಸಿದ್ದಾಗಿ ವ್ಯಾಪಾರಿ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡ. ನನ್ನದೇ ಒಂದು ಕಾರ್ಡಿಗೆ ಒಂದು ಕಂಪನಿ ಮೊದಲು 8, ಇನ್ನೊಮ್ಮೆ ಕಳಿಸಿದಾಗ 9 ಕೊಟ್ಟದ್ದುಂಟು. ಕಾರ್ಡ್ ಅದೇ, ನೋಡಿದ ಕಣ್ಣು ಬೇರೆ.

ಅದಕ್ಕೇ ನಾವಿಬ್ಬರೂ ಕಳಿಸುವ ಮುನ್ನ ಪ್ರತಿ ಕಾರ್ಡಿಗೂ ನಮ್ಮ ಅಂದಾಜಿನ ಅಂಕ ಬರೆದಿಡುತ್ತೇವೆ. ಮಗಳ ಅಂದಾಜು ನನ್ನದಕ್ಕಿಂತ ಹೆಚ್ಚು ಸರಿ ಹೋಗುತ್ತದೆ, ಏಕೆಂದರೆ ಅವಳು ಈಗ 10 ಎಂದು ಬರೆಯುವುದೇ ಅಪರೂಪ. 9 ಬಂದರೂ ನಷ್ಟವಿಲ್ಲ ಅನ್ನಿಸಿದ ಕಾರ್ಡ್ ಅಂಚೆಗೆ ಹೋಗುತ್ತದೆ. ಮಾರುವ ಮನಸ್ಸೇ ಇಲ್ಲದ ಕಾರ್ಡಿಗೆ ಒಳ್ಳೆಯ ಸ್ಲೀವ್ (ತೆಳು ಪ್ಲಾಸ್ಟಿಕ್ ಹೊದಿಕೆ), ಒಂದು ಟಾಪ್‌ಲೋಡರ್ (ಗಟ್ಟಿ ಪ್ಲಾಸ್ಟಿಕ್ ಹೊದಿಕೆ) ಸಾಕು; ಎರಡೂ ಸೇರಿ ಒಂದು ಡಾಲರೂ ಆಗುವುದಿಲ್ಲ.