ಆರೋಗ್ಯ ಪ್ರಶ್ನೋತ್ತರ: ತೀರಿಕೊಂಡವರ ಮೈ ಹಸಿರಾಗುವುದು ಯಾಕೆ?

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಯವರಿಗೆ 78 ವರ್ಷ. ಹೃದಯದ ಕಾಯಿಲೆಗೆ ಬಹಳ ಕಾಲದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಏಪ್ರಿಲ್‌ನಲ್ಲಿ ಒಂದು ಸಂಜೆ ಮನೆಯಲ್ಲೇ ತೀರಿಕೊಂಡರು. ದುಬೈಯಿಂದ ತಮ್ಮ ಬರುವವರೆಗೆ ಕಾದು ಮರುದಿನ ಮಧ್ಯಾಹ್ನ ಮಣ್ಣು ಮಾಡಿದೆವು. ಅಷ್ಟರಲ್ಲಿ ಹೊಟ್ಟೆ ಉಬ್ಬಿತ್ತು, ಬಲಗಡೆ ಕಿಬ್ಬೊಟ್ಟೆ ಹಸಿರಾಗಿತ್ತು, ಮೂಗಿನಿಂದ ಕೆಂಪು ನೀರು ಇಳಿಯಿತು. ‘ಏನೋ ಹಾಕಿರಬೇಕು’ ಎಂದು ನೆಂಟರು ಈಗಲೂ ಆಡಿಕೊಳ್ಳುತ್ತಾರೆ. ಕೊನೆಯವರೆಗೂ ಅವರಿಗೆ ಊಟ, ಮಾತ್ರೆ ಕೊಟ್ಟವಳು ನನ್ನ ಹೆಂಡತಿ. ಅವಳು ಕುಗ್ಗಿಹೋಗಿದ್ದಾಳೆ.
– ದಾವಣಗೆರೆ

ಉತ್ತರ: ನೀವು ಬರೆದ ಮೂರೂ ಲಕ್ಷಣಗಳು ಬೇಸಿಗೆಯಲ್ಲಿ ಅಷ್ಟು ಹೊತ್ತು ಇಟ್ಟ ಯಾರ ದೇಹದಲ್ಲಾದರೂ ಕಾಣಿಸಿಕೊಳ್ಳುವಂಥವು. ಅವು ವಿಷದ ಗುರುತಲ್ಲ. ಇದನ್ನು ನಿಮ್ಮ ಹೆಂಡತಿಗೂ ನೆಂಟರಿಗೂ ಓದಿ ಹೇಳಿ.

ನಮ್ಮ ಮೈಯಲ್ಲಿ ನಮ್ಮದೇ ಜೀವಕೋಶಗಳು ಎಷ್ಟಿವೆಯೋ ಹೆಚ್ಚುಕಡಿಮೆ ಅಷ್ಟೇ ಬ್ಯಾಕ್ಟೀರಿಯಾಗಳಿವೆ. 2016ರ ಒಂದು ಅಂದಾಜಿನಂತೆ ಸುಮಾರು 38 ಲಕ್ಷ ಕೋಟಿ. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಬದುಕಿರುವಾಗ ಅವು ನಾರಿನಂಶವನ್ನು ಅರಗಿಸುತ್ತವೆ, ವಿಟಮಿನ್ ‘ಕೆ’ ತಯಾರಿಸುತ್ತವೆ. ಕರುಳಿನ ಒಳಪದರ, ಅದರ ಮೇಲಿನ ಲೋಳೆ ಮತ್ತು ರೋಗನಿರೋಧಕ ಕಣಗಳು ಅವನ್ನು ಅಲ್ಲೇ ತಡೆದಿಡುತ್ತವೆ.

ಹೃದಯ ನಿಂತ ಮೇಲೆ ಅಂಗಾಂಶಗಳಲ್ಲಿನ ಆಮ್ಲಜನಕ ಬೇಗ ಮುಗಿಯುತ್ತದೆ. ಜೀವಕೋಶಗಳೊಳಗಿನ ಕಿಣ್ವಗಳು ಆ ಕೋಶಗಳನ್ನೇ ಕರಗಿಸತೊಡಗುತ್ತವೆ. ಕರುಳಿನ ತಡೆ ಸಡಿಲವಾಗುತ್ತದೆ. ಆಮ್ಲಜನಕ ಬೇಡದ ಕ್ಲಾಸ್ಟ್ರಿಡಿಯಂನಂಥ ಬ್ಯಾಕ್ಟೀರಿಯಾಗಳು ಆಗ ವೇಗವಾಗಿ ಬೆಳೆದು, ರಕ್ತನಾಳಗಳ ದಾರಿ ಹಿಡಿದು ಮೈಯೆಲ್ಲ ಹರಡುತ್ತವೆ.

ದೊಡ್ಡ ಕರುಳು ಶುರುವಾಗುವುದು ಬಲ ಕಿಬ್ಬೊಟ್ಟೆಯಲ್ಲಿ. ಅಲ್ಲಿ ಅದು ಚರ್ಮಕ್ಕೆ ಹತ್ತಿರವಿದೆ, ಒಳಗೆ ಬ್ಯಾಕ್ಟೀರಿಯಾ ತುಂಬಿರುತ್ತವೆ. ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲ ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿದಾಗ ಹಸಿರು ಬಣ್ಣ ಬರುತ್ತದೆ. ನಮ್ಮ ಬೇಸಿಗೆಯಲ್ಲಿ ಇದು 12ರಿಂದ 18 ಗಂಟೆಯೊಳಗೆ ಕಾಣಿಸುತ್ತದೆ, ಚಳಿಗಾಲದಲ್ಲಿ ಒಂದೆರಡು ದಿನ ಬೇಕು. ಹೊಟ್ಟೆ ಉಬ್ಬಿಸುವುದೂ ಇಂಥ ಅನಿಲಗಳೇ. ಅವುಗಳ ಒತ್ತಡಕ್ಕೆ ಶ್ವಾಸಕೋಶ, ಜಠರದ ದ್ರವ ರಕ್ತದ ಬಣ್ಣ ಹೊತ್ತು ಮೂಗು ಬಾಯಿಯಿಂದ ಇಳಿಯುತ್ತದೆ.

ಸಾವಿನ ಬಗ್ಗೆ ನಿಜಕ್ಕೂ ಅನುಮಾನವಿದ್ದರೆ ಅಂತ್ಯಕ್ರಿಯೆಗೆ ಮೊದಲೇ ಪೊಲೀಸರಿಗೆ ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ಮೈಬಣ್ಣ ನೋಡಿ ಮನೆಯವರ ಮೇಲೆ ಆರೋಪ ಹೊರಿಸುವುದು ಅನ್ಯಾಯ.

ಪ್ರಶ್ನೆ: ಮಕ್ಕಳು ಹೊರದೇಶದಲ್ಲಿದ್ದಾರೆ. ಫ್ರೀಜರ್ ಬಾಕ್ಸ್‌ನಲ್ಲಿಟ್ಟರೆ ದೇಹ ಕೆಡುವುದೇ ಇಲ್ಲವೇ?
– ಮೈಸೂರು

ಉತ್ತರ: ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಈ ಬ್ಯಾಕ್ಟೀರಿಯಾಗಳಿಗೆ ಅತಿ ಹಿತವಾದ ಉಷ್ಣತೆ ಸುಮಾರು 21ರಿಂದ 38 ಡಿಗ್ರಿ ಸೆಲ್ಸಿಯಸ್. ಶವಾಗಾರದಲ್ಲಿ ಸಾಮಾನ್ಯವಾಗಿ 4 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಆ ತಂಪಿನಲ್ಲಿ ಅವುಗಳ ಬೆಳವಣಿಗೆ ಬಹಳ ಕುಗ್ಗುತ್ತದೆ. ಹೊರಗೆ ತೆಗೆದು ಬಿಸಿಯಲ್ಲಿಟ್ಟರೆ ಮತ್ತೆ ಚುರುಕಾಗುತ್ತದೆ. ಆದ್ದರಿಂದ ತಡಮಾಡದೆ ಮೊದಲ ಕೆಲವು ಗಂಟೆಗಳಲ್ಲೇ ಬಾಕ್ಸ್ ತರಿಸಿ. ದಪ್ಪ ಕಂಬಳಿ ಹೊದಿಸಬೇಡಿ, ಅದು ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಸ್ಥೂಲಕಾಯದವರ ದೇಹ ಮತ್ತು ರಕ್ತಕ್ಕೆ ಸೋಂಕು ಹರಡಿ ತೀರಿಕೊಂಡವರ ದೇಹ ಇನ್ನೂ ಬೇಗ ಕೆಡುತ್ತದೆ.

ಹಲವು ದಿನ ಕಾಯಬೇಕಾದರೆ ಅಥವಾ ವಿಮಾನದಲ್ಲಿ ಸಾಗಿಸಬೇಕಾದರೆ ಎಂಬಾಮಿಂಗ್ ಮಾಡಿಸಬೇಕಾಗುತ್ತದೆ. ರಕ್ತನಾಳಗಳಿಗೆ ಹರಿಸುವ ಫಾರ್ಮಾಲಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಅವುಗಳಿಗೆ ಆಹಾರವಾಗುವ ಪ್ರೋಟೀನನ್ನೂ ಗಟ್ಟಿಗೊಳಿಸುತ್ತದೆ. ಪೊಲೀಸ್ ಪ್ರಕರಣವಿದ್ದರೆ ಮರಣೋತ್ತರ ಪರೀಕ್ಷೆ ಮುಗಿಯದೆ ಇದನ್ನು ಮಾಡಿಸಬಾರದು, ವಿಷದ ತಪಾಸಣೆಗೆ ಅಡ್ಡಿಯಾಗುತ್ತದೆ. ನೇತ್ರದಾನದ ಮನಸ್ಸಿದ್ದರೆ ಮೊದಲು ಅದಕ್ಕೇ ಫೋನ್ ಮಾಡಿ. ಸಾಮಾನ್ಯವಾಗಿ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ.

ಪ್ರಶ್ನೆ: ಶವಕ್ಕೆ ಸ್ನಾನ ಮಾಡಿಸಿದರೆ, ಮುಟ್ಟಿ ಅತ್ತರೆ ರೋಗ ಅಂಟುತ್ತದೆಯೇ?
– ಬೆಳಗಾವಿ

ಉತ್ತರ: ವಯಸ್ಸಾಗಿ, ಹೃದಯಾಘಾತದಿಂದ, ಸಕ್ಕರೆ ಕಾಯಿಲೆಯಿಂದ ತೀರಿಕೊಂಡವರನ್ನು ಮುಟ್ಟಲು ಹೆದರಬೇಕಿಲ್ಲ. ದೇಹವನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಎಲ್ಲರ ಕರುಳಿನಲ್ಲೂ ಇರುವಂಥವೇ. ವಾಸನೆಯಿಂದ ರೋಗ ಹರಡುವುದಿಲ್ಲ. ಆ ವಾಸನೆಗೆ ಕಾರಣ ಪ್ರೋಟೀನ್ ಒಡೆದು ಹುಟ್ಟುವ ಪುಟ್ರೆಸಿನ್, ಕ್ಯಾಡವೆರಿನ್ ಮತ್ತು ಗಂಧಕದ ಸಂಯುಕ್ತಗಳು. ಭೂಕಂಪ, ಪ್ರವಾಹಗಳಲ್ಲಿ ಸತ್ತವರ ದೇಹಗಳಿಂದ ಸಾಂಕ್ರಾಮಿಕ ಏಳುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ.

ಕಾಲರಾ, ನಿಪಾ, ಎಬೋಲಾದಂಥ ರೋಗಗಳಲ್ಲಿ ಮಾತ್ರ ಆರೋಗ್ಯ ಸಿಬ್ಬಂದಿಯ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಬೇಕು. ಕ್ಷಯ, ಹೆಪಟೈಟಿಸ್ ಬಿ ಇದ್ದವರಾದರೆ ವೈದ್ಯರನ್ನು ಕೇಳಿಕೊಳ್ಳಿ. ಉಳಿದಂತೆ ಕೈಗೆ ಗ್ಲೌಸ್ ಹಾಕಿ, ನಿಮ್ಮ ಕೈಯಲ್ಲಿ ಗಾಯವಿದ್ದರೆ ಮುಚ್ಚಿಕೊಳ್ಳಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಕೋವಿಡ್ ಕಾಲದ ಭಯದಲ್ಲಿ ಎಷ್ಟೋ ಕುಟುಂಬಗಳು ಕೊನೆಯ ದರ್ಶನವನ್ನೇ ಕಳೆದುಕೊಂಡವು. ತಿಳಿವಳಿಕೆಯ ಕೊರತೆಯಿಂದ ಅಂಥ ನೋವು ಇನ್ನೊಮ್ಮೆ ಬರಬಾರದು.

ಪ್ರಶ್ನೆ: ನಾನು ವಿಧಿವಿಜ್ಞಾನದ ವಿದ್ಯಾರ್ಥಿನಿ. ಸಾವಿನ ಸಮಯವನ್ನು ಸೂಕ್ಷ್ಮಜೀವಿಗಳಿಂದ ತಿಳಿಯಬಹುದೇ?
– ಧಾರವಾಡ

ಉತ್ತರ: ಆ ದಿಕ್ಕಿನಲ್ಲಿ ಒಳ್ಳೆಯ ಕೆಲಸ ನಡೆದಿದೆ. ಮೊದಲ ಒಂದೆರಡು ದಿನ ಮೈಯ ಬಿಸಿ, ಸ್ನಾಯುಗಳ ಸೆಡೆತ ನೋಡಿ ಅಂದಾಜು ಮಾಡುತ್ತೇವೆ. ಆಮೇಲೆ ನೊಣಗಳ ಮರಿಹುಳುಗಳ ಬೆಳವಣಿಗೆ ನೆರವಾಗುತ್ತದೆ. ಸೂಕ್ಷ್ಮಜೀವಿಗಳೂ ಒಂದು ಕ್ರಮದಲ್ಲೇ ಒಂದರ ಹಿಂದೊಂದು ಬರುತ್ತವೆ. ಹೊಟ್ಟೆ ಬಿರಿದು ಗಾಳಿ ಒಳಹೊಕ್ಕಾಗ ಆಮ್ಲಜನಕ ಬೇಕಾದ ಗುಂಪು ಮೇಲುಗೈ ಪಡೆಯುತ್ತದೆ, ಕೆಳಗಿನ ಮಣ್ಣಿನ ಸೂಕ್ಷ್ಮಜೀವಿಗಳೂ ಬದಲಾಗುತ್ತವೆ.

ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಜೆಸ್ಸಿಕಾ ಮೆಟ್‌ಕಾಫ್ ಅವರ ತಂಡ ಟೆನೆಸ್ಸಿ, ಟೆಕ್ಸಸ್, ಕೊಲೊರಾಡೊಗಳಲ್ಲಿ ದಾನವಾಗಿ ಬಂದ 36 ದೇಹಗಳನ್ನು ಹೊರಗಿನ ನೆಲದಲ್ಲಿಟ್ಟು 21 ದಿನ ಅಭ್ಯಸಿಸಿತು. 2024ರಲ್ಲಿ ‘ನೇಚರ್ ಮೈಕ್ರೋಬಯಾಲಜಿ’ಯಲ್ಲಿ ಪ್ರಕಟವಾದ ವರದಿಯಂತೆ, ಹವೆ ಮಣ್ಣು ಬೇರೆಯಾದರೂ ಮೂರೂ ಕಡೆ ಒಂದೇ ಬಗೆಯ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಕೂಟ ಕಾಣಿಸಿಕೊಂಡಿತು. ಅವುಗಳಲ್ಲಿ ಕೆಲವನ್ನು ಕೀಟಗಳು ಹೊತ್ತು ತರುತ್ತವೆ ಎಂಬುದು ಅವರ ಊಹೆ. ಆ ಕೂಟವನ್ನು ಆಧರಿಸಿದ ಲೆಕ್ಕಾಚಾರ ಸಾವಿನ ದಿನವನ್ನು ಸುಮಾರು ಮೂರು ದಿನಗಳ ಹೆಚ್ಚುಕಡಿಮೆಯಲ್ಲಿ ಹೇಳಿತು.

ನಮ್ಮ ನ್ಯಾಯಾಲಯಗಳು ಇದನ್ನು ನೆಚ್ಚಬೇಕಾದರೆ ಕರಾವಳಿಯ ಮಳೆ, ಮಲೆನಾಡಿನ ತೇವ, ಕಲಬುರಗಿಯ ಬಿಸಿಲಿನಲ್ಲೂ ಪರೀಕ್ಷಿಸಿ ನೋಡಬೇಕು. ಅದಕ್ಕೆ ದೇಹದಾನಿಗಳೂ ಬೇಕು, ನಿಮ್ಮಂಥ ಆಸಕ್ತರೂ ಬೇಕು. ಸೂಕ್ಷ್ಮಜೀವಿಶಾಸ್ತ್ರವನ್ನು ಗಟ್ಟಿಯಾಗಿ ಓದಿ.