ಪಾಸ್‌ವರ್ಡ್ ಸರಿಯಿದೆ, ಮೇಲ್ ಮಾತ್ರ ತೆರೆಯುತ್ತಿಲ್ಲ

ಮೊಬೈಲಿನಲ್ಲಿ ತೆರೆಯುವ ಜಿಮೇಲ್, ಕಂಪ್ಯೂಟರಿನ ಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್‌ನಲ್ಲಿ ಮಾತ್ರ ಲಾಗಿನ್ ಆಗುತ್ತಿಲ್ಲ ಎಂದರೆ ತಪ್ಪು ನಿಮ್ಮ ನೆನಪಿನದಲ್ಲ. ದಯವಿಟ್ಟು ಪಾಸ್‌ವರ್ಡನ್ನು ಮತ್ತೆ ಬದಲಿಸಲು ಹೋಗಬೇಡಿ. ಬರೀ ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆಯ ದಾರಿಯನ್ನು ಗೂಗಲ್ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ಮುಚ್ಚಿತು. ನಿಮ್ಮ ಸೆಟ್ಟಿಂಗ್ ಇನ್ನೂ ಅದೇ ದಾರಿ ಹಿಡಿದಿದೆ.

ಥಂಡರ್‌ಬರ್ಡ್‌ನ ಅಕೌಂಟ್ ಸೆಟ್ಟಿಂಗ್ಸ್‌ನೊಳಗೆ ಸರ್ವರ್ ಸೆಟ್ಟಿಂಗ್ಸ್ ತೆರೆದು, ಅಥೆಂಟಿಕೇಶನ್ ಮೆಥಡ್ ಎಂಬಲ್ಲಿ ‘ಒಆಥ್2’ ಆರಿಸಿ. ಬಹಳ ಜನ ಇಲ್ಲಿಗೇ ನಿಲ್ಲಿಸಿ, ಮೇಲ್ ಬರುತ್ತದೆ, ಹೋಗುವುದಿಲ್ಲ ಎಂದು ಗೋಳಾಡುತ್ತಾರೆ. ಕಳುಹಿಸುವ ಸರ್ವರ್, ಅಂದರೆ ಎಸ್‌ಎಂಟಿಪಿ, ಪಟ್ಟಿಯ ತಳದಲ್ಲಿ ಬೇರೆಯಾಗಿಯೇ ಕೂತಿರುತ್ತದೆ. ಅಲ್ಲೂ ಇದೇ ಬದಲಾವಣೆ ಬೇಕು. ಆಮೇಲೆ ಸೇವ್ಡ್ ಪಾಸ್‌ವರ್ಡ್ಸ್‌ನಲ್ಲಿ ಆ ಖಾತೆಯ ಹಳೆಯವನ್ನು ಅಳಿಸಿ, ಥಂಡರ್‌ಬರ್ಡ್ ಮುಚ್ಚಿ ತೆರೆಯಿರಿ. ಗೂಗಲ್‌ನದೇ ಲಾಗಿನ್ ಕಿಟಕಿ ಬರುತ್ತದೆ. ಅದು ಮುಂದಕ್ಕೆ ಹೋಗದಿದ್ದರೆ ಥಂಡರ್‌ಬರ್ಡ್ ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಕುಕೀಗಳಿಗೆ ಅನುಮತಿ ಇದೆಯೇ ನೋಡಿ.

16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಎಂಬ ಒಳದಾರಿಯೂ ಇದೆ, ಎರಡು ಹಂತದ ಪರಿಶೀಲನೆ ಚಾಲೂ ಇದ್ದರೆ. ಅನಿವಾರ್ಯವಾದರಷ್ಟೇ ಅದನ್ನು ಹಿಡಿಯಿರಿ. ಖಾತೆಯನ್ನೇ ಅಳಿಸಿ ಹೊಸದಾಗಿ ಸೇರಿಸಿ ಎನ್ನುವವರ ಮಾತಿಗೆ ಮಾತ್ರ ಕಿವಿಗೊಡಬೇಡಿ: ನಿಮ್ಮದು ಮೇಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಪಾಪ್ ಖಾತೆಯಾಗಿದ್ದರೆ, ಇಳಿಸಿಕೊಂಡ ಹಳೆಯ ಮೇಲ್‌ಗಳೂ ಅದರ ಜೊತೆಗೇ ಹೋದಾವು.